ಗಂಡನಿಗೆ ದುಬೈ ನೌಕರಿ, ಮನೆಮಂದಿಗೆ ಯಾವ ಊರು?

ಡೊಂಬಿವಲಿ ಪೂರ್ವದ ಆ ಮನೆಯ ಹಾಲ್‌ನಲ್ಲಿ 2024ರ ಮಾರ್ಚ್ ಕೊನೆಯ ವಾರ ನಾಲ್ಕು ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಕುಚ್ಚಲಕ್ಕಿ ಅಲ್ಲಿಯೂ ಸಿಗುತ್ತದೆ ಎಂದು ಸೊಸೆ, ಸಿಗುವುದು ನಮ್ಮ ಅಕ್ಕಿ ಅಲ್ಲವೆಂದು ಅತ್ತೆ. ಕೊನೆಗೆ ಎರಡು ಕಿಲೋ ಅಕ್ಕಿ, ಹಲಸಿನ ಹಪ್ಪಳ, ಮನೆಯಲ್ಲೇ ಹುರಿದು ಮಾಡಿದ ಸಾರಿನ ಹುಡಿ ಒಳಗೆ ಹೋದವು. ಗಸಗಸೆಯ ಪೊಟ್ಟಣ ಮಾತ್ರ ಹೊರಗೆ ಬಂತು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಯುಎಇಯಲ್ಲಿ ನಿಷೇಧಿತ ವಸ್ತು; ಅದರೊಂದಿಗೆ ಸಿಕ್ಕಿಬಿದ್ದರೆ ಪೊಲೀಸ್ ಠಾಣೆಯೇ ಗತಿ ಎಂದು ಮೊದಲೇ ಹೋಗಿದ್ದ ಗಂಡ ಫೋನಿನಲ್ಲಿ ಮೂರು ಸಲ ಎಚ್ಚರಿಸಿದ್ದರು.

ಉಡುಪಿ ಜಿಲ್ಲೆ ಮೂಲದ, ಮನೆಯಲ್ಲಿ ತುಳು ಮಾತನಾಡುವ, ಮುಂಬಯಿ ಉಪನಗರದಲ್ಲೇ ಬೆಳೆದ ದಂಪತಿ ಅವರು. ಹೆಸರು ಬೇಡ ಎಂಬುದು ಅವರ ಕೋರಿಕೆ. ಗಂಡ ನ್ಹಾವಾ ಶೇವಾ ಬಂದರಿನಲ್ಲಿ ಸರಕು ಸಾಗಾಟದ ಕಂಪೆನಿಯೊಂದರ ನೌಕರ. ಹೆಂಡತಿ ಠಾಣೆಯಲ್ಲಿ ಸಹಕಾರಿ ಬ್ಯಾಂಕ್ ಒಂದರ ಶಾಖೆಯಲ್ಲಿ 11 ವರ್ಷ ದುಡಿದು ಸಾಲ ವಿಭಾಗ ನೋಡಿಕೊಳ್ಳುವ ಮಟ್ಟಕ್ಕೆ ಏರಿದವರು. ಮಗನಿಗೆ ಎಂಟು, ಮಗಳಿಗೆ ಮೂರು. 2023ರ ದೀಪಾವಳಿ ಕಳೆದ ಬೆನ್ನಿಗೆ ಗಂಡನಿಗೆ ದುಬೈಯ ಜೆಬೆಲ್ ಅಲಿ ಬಂದರಿನಿಂದ ಕರೆ ಬಂತು. ಸಂಬಳ ಒಳ್ಳೆಯದು, ಕೆಲಸವೂ ಗೊತ್ತಿರುವುದೇ. ಹಾಗಾಗಿ ಅವರು ಹೋಗಬೇಕೋ ಬೇಡವೋ ಎಂಬ ಚರ್ಚೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಉಳಿದವರು ಏನು ಮಾಡಬೇಕು ಎಂಬ ಚರ್ಚೆ ಎರಡು ತಿಂಗಳು ನಡೆಯಿತು.

ಮುಂಬಯಿ ತುಳು-ಕನ್ನಡಿಗರಿಗೆ ಕೊಲ್ಲಿ ಹೊಸತಲ್ಲ. 1973ರ ಬಳಿಕ ತೈಲದ ಬೆಲೆ ಏರಿ ಅಲ್ಲಿ ಕಟ್ಟಡಗಳು ಎದ್ದಂತೆ ಇಲ್ಲಿನ ಹೊಟೇಲು, ಕಾರ್ಖಾನೆ, ಗ್ಯಾರೇಜುಗಳಿಂದ ಜನ ಹೊರಟರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕಿಂತ ಮೊದಲು ಊರಿನಿಂದ ಬಂದವರೆಲ್ಲ ವೀಸಾ ಕೈಸೇರುವ ತನಕ ಇಲ್ಲಿನ ಸಂಬಂಧಿಕರ ಚಾಳಿನ ಕೋಣೆಗಳಲ್ಲಿ ಚಾಪೆ ಹಾಸಿ ಮಲಗಿದವರು. ಒಂದು ಕೋಣೆಯಲ್ಲಿ ಹತ್ತು ಮಂದಿ ಕಾದು, ಒಬ್ಬೊಬ್ಬರಾಗಿ ಸಹಾರಿಗೆ ಹೊರಟುಹೋದ ಕತೆ ಇಲ್ಲಿನ ಹಿರಿಯರಲ್ಲಿ ಕೇಳಿದರೆ ಸಾಲುಸಾಲು ಸಿಗುತ್ತದೆ. ಆದರೆ ಆಗ ಹೋಗುತ್ತಿದ್ದವರು ಹೆಚ್ಚಾಗಿ ಒಬ್ಬಂಟಿಯಾಗಿ ಹೋಗುತ್ತಿದ್ದ ಗಂಡಸರು. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ದೊಡ್ಡ ಹುದ್ದೆಯವರ ಮಾತಾಗಿತ್ತು.

ಕುವೈಟಿನ ಕ್ಯಾಸೆಟ್ಟು

ಈ ಮನೆಯ ಅತ್ತೆ ಹಾಗೆ ಹಿಂದೆ ಉಳಿದವರು. ಅವರ ಯಜಮಾನರು 1983ರಲ್ಲಿ ಕುವೈಟಿಗೆ ಹೋದರು. ಎರಡು ವರ್ಷಕ್ಕೊಮ್ಮೆ ರಜೆ. ಕಾಗದ ಬರಲು ವಾರಗಟ್ಟಲೆ. ಟ್ರಂಕ್ ಕಾಲ್ ಎಂದರೆ ಕಟ್ಟಡಕ್ಕೆಲ್ಲ ಸುದ್ದಿ. ಊರಿಗೆ ಹೊರಟವರ ಕೈಯಲ್ಲಿ ಅವರು ಕ್ಯಾಸೆಟ್ಟು ಕಳುಹಿಸುತ್ತಿದ್ದರು. ಪತ್ರ ಬರೆಯುವ ಬದಲು ಟೇಪ್ ರೆಕಾರ್ಡರಿನ ಎದುರು ಕುಳಿತು ಅರ್ಧ ಗಂಟೆ ಮಾತನಾಡಿದ ಕ್ಯಾಸೆಟ್ಟು ಅದು. ಜತೆಗೆ ಟ್ಯಾಂಗ್, ನಿಡೋ ಹಾಲಿನ ಹುಡಿ, ಯಾರ್ಡ್ಲಿ ಪೌಡರು. ನೆರೆಮನೆಯವರಿಂದ ಟೇಪ್ ತಂದು, ಬಾಗಿಲು ಹಾಕಿ, ಅದನ್ನು ಕೇಳುವುದು. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ತಾವು ಮಾತನಾಡಿ ಮುಂದಿನ ಗಿರಾಕಿಯ ಕೈಯಲ್ಲಿ ಕಳುಹಿಸುವುದು.

1985ರಲ್ಲಿ ಹುಟ್ಟಿದ ಮಗ ಐದು ವರ್ಷದೊಳಗೆ ಅಪ್ಪನನ್ನು ನೋಡಿದ್ದು ಎರಡೇ ಸಲ. 1990ರ ಆಗಸ್ಟ್ 2ರಂದು ಇರಾಕ್ ಕುವೈಟಿನೊಳಗೆ ನುಗ್ಗಿತು. ಮೂರು ವಾರ ಏನೂ ಸುದ್ದಿ ಇಲ್ಲ. ಬಳಿಕ ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನಿಗೆ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಸಾವಿರಾರು ಜನರೊಂದಿಗೆ ಅವರೂ ಬಂದಿಳಿದರು. ಆ ಕಾರ್ಯಾಚರಣೆಯಲ್ಲಿ ಭಾರತಕ್ಕೆ ಮರಳಿದವರು 1.7 ಲಕ್ಷಕ್ಕೂ ಮಿಕ್ಕಿ. ಕೈಯಲ್ಲಿದ್ದದ್ದು ಒಂದು ಚೀಲ. ಅದರೊಳಗಿನ ದಿನಾರುಗಳಿಗೆ ಆಗ ಬೆಲೆಯೇ ಇರಲಿಲ್ಲ.

“ಮನೆಗೆ ಬಂದು ಎರಡು ದಿನ ಆಗಿತ್ತು. ಇವನು ಅಡುಗೆ ಮನೆಗೆ ಬಂದು ಕಿವಿಯಲ್ಲಿ ಕೇಳಿದ, ಅಮ್ಮಾ, ಆ ಅಂಕಲ್ ಯಾವಾಗ ಹೋಗುವುದು ಅಂತ. ಅವರು ಹೊರಗೆ ಕೂತಿದ್ದರು. ಕೇಳಿಸಿತು” ಎನ್ನುತ್ತಾರೆ ಅವರು. ಯಜಮಾನರು ಮತ್ತೆ ಕೊಲ್ಲಿಗೆ ಹೋಗಲಿಲ್ಲ. ಠಾಣೆಯಲ್ಲಿ ಸಂಬಂಧಿಕರ ಹೊಟೇಲಿನ ಗಲ್ಲಾದಲ್ಲಿ ಕುಳಿತರು. ವರ್ಷಗಳ ಬಳಿಕ ವಿಶ್ವಸಂಸ್ಥೆಯ ಮೂಲಕ ಪರಿಹಾರದ ಹಣ ಬಂದಾಗ ಡೊಂಬಿವಲಿಯ ಈ ಮನೆಯ ಸಾಲದ ಒಂದು ಭಾಗ ತೀರಿತು. ಅವರು ತೀರಿಕೊಂಡದ್ದು 2011ರಲ್ಲಿ.

ಆದುದರಿಂದ ಸೊಸೆ, “ಇವರು ಎರಡು ವರ್ಷ ಹೋಗಿ ಬರಲಿ, ನಾನು ಇಲ್ಲೇ ಮಕ್ಕಳನ್ನು ನೋಡಿಕೊಂಡು ಇರುತ್ತೇನೆ. ನನ್ನ ನೌಕರಿಯೂ ಉಳಿಯುತ್ತದೆ” ಎಂದಾಗ ಬೇಡ ಎಂದವರು ಅತ್ತೆ. “ನನ್ನ ಮಗ ಅಪ್ಪನನ್ನು ಅಂಕಲ್ ಅಂತ ಹೇಳಿದ್ದು ಸಾಕು ಮಗಾ. ನೀನು ಮಕ್ಕಳನ್ನು ಕರಕೊಂಡು ಹೋಗು.”

ಇದು ತ್ಯಾಗದ ಮಾತಾಗಿ ಕೇಳುತ್ತದೆ. ಆದರೆ ಈ ಮಾತಿನಿಂದ ಹೋಗುವುದು ಯಾರ ನೌಕರಿ ಎಂಬುದನ್ನೂ ಹೇಳಬೇಕು. ಬ್ಯಾಂಕಿನಲ್ಲಿ ಅವರು ಕೇಳಿದ್ದು ಒಂದು ವರ್ಷದ ಸಂಬಳವಿಲ್ಲದ ರಜೆ. ಸಿಕ್ಕಿದ್ದು ಆರು ತಿಂಗಳು. ಹನ್ನೊಂದು ವರ್ಷ ಬೆಳಗ್ಗಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಜತೆಗೆ ನಿಂತು ಹೋದ ಗೆಳತಿಯರು ಕೊನೆಯ ದಿನ ಠಾಣೆ ಸ್ಟೇಷನ್ನಿನಲ್ಲೇ ಸೀರೆ ಕೊಟ್ಟು ಬೀಳ್ಕೊಟ್ಟರು. ಆರು ತಿಂಗಳಿಗೆ ಮರಳುವವರಿಗೆ ಯಾರೂ ಸೀರೆ ಕೊಡುವುದಿಲ್ಲ ಎಂದು ಆಗಲೇ ಅನ್ನಿಸಿತಂತೆ.

ಕಾಗದಪತ್ರದ ಓಡಾಟ

ಗಂಡ ಮೊದಲು, ಕುಟುಂಬ ಆಮೇಲೆ. ಯುಎಇಗೆ ಹೋಗುವ ಹೆಚ್ಚಿನವರ ಕ್ರಮ ಇದೇ. ಗಂಡ 2024ರ ಜನವರಿಯಲ್ಲಿ ಹೋಗಿ, ವೈದ್ಯಕೀಯ ತಪಾಸಣೆ ಮುಗಿಸಿ, ಎಮಿರೇಟ್ಸ್ ಐಡಿ ಪಡೆದು, ಬಾಡಿಗೆ ಮನೆ ನೋಡಿದರು. ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಲು 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ಅಷ್ಟು ಸಂಬಳದಲ್ಲಿ ಸಂಸಾರ ಸಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಇವರನ್ನು ಕಾಡಿದ್ದು ಸಂಬಳವಲ್ಲ, ಮದುವೆ ಸರ್ಟಿಫಿಕೇಟು. ಮುಂಬಯಿ ತುಳು-ಕನ್ನಡಿಗರ ಎಷ್ಟೋ ಮದುವೆಗಳಂತೆ ಇವರದ್ದೂ ಊರಿನ ಸಭಾಭವನದಲ್ಲಿ ನಡೆದದ್ದು, 2014ರಲ್ಲಿ. ಆಮಂತ್ರಣ ಪತ್ರಿಕೆ ಇತ್ತು, ಆಲ್ಬಂ ಇತ್ತು, ವೀಡಿಯೋ ಇತ್ತು. ನೋಂದಣಿ ಮಾತ್ರ ಆಗಿರಲಿಲ್ಲ. ಊರಿಗೆ ಹೋಗಿ ನೋಂದಣಿ ಮಾಡಿಸಿದ್ದಾಯಿತು. ಯಾವ ರಾಜ್ಯ ಕೊಟ್ಟ ದಾಖಲೆಯೋ ಆ ರಾಜ್ಯವೇ ಅದನ್ನು ಮೊದಲು ದೃಢೀಕರಿಸಬೇಕು. ಹಾಗಾಗಿ ಮದುವೆಯ ಕಾಗದ ಬೆಂಗಳೂರಿಗೆ, ಮುಂಬಯಿ ವಿವಿಯ ಬಿಕಾಂ ಪದವಿ ಪತ್ರ ಮತ್ತು ಮಕ್ಕಳ ಜನನ ಪತ್ರ ಮುಂಬಯಿಯ ಕಚೇರಿಗಳಿಗೆ. ಅಲ್ಲಿಂದ ವಿದೇಶಾಂಗ ಸಚಿವಾಲಯದ ಮುದ್ರೆ, ಬಳಿಕ ಯುಎಇ ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ದುಬೈ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಒಮಾನ್, ಬಹ್ರೇನ್, 2022ರ ಡಿಸೆಂಬರಿನಿಂದ ಸೌದಿ ಅರೇಬಿಯಾಕ್ಕೆ ಹೋಗುವವರಿಗೆ ಅಪೊಸ್ಟೈಲ್ ಎಂಬ ಒಂದೇ ಮುದ್ರೆ ಸಾಕು. ಯುಎಇ ಆ ಒಪ್ಪಂದದಲ್ಲಿಲ್ಲ.

ಮಗಳ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಹೆಸರಿಡುವ ಮೊದಲೇ ಆಸ್ಪತ್ರೆಯಿಂದ ಮಾಹಿತಿ ಪಾಲಿಕೆಗೆ ಹೋಗಿ, ಬಳಿಕ ಯಾರೂ ಸೇರಿಸಿರಲಿಲ್ಲ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತವರಿನ ಬಳಿ, ಮಗನ ಜನನ ಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ಗಂಡನ ಮನೆಯ ಬಳಿ. ಬಂಗೇರ, ಸಾಲ್ಯಾನ್, ಶೆಟ್ಟಿ, ಪೂಜಾರಿ ಎಂದು ನಮ್ಮಲ್ಲಿ ಒಂದೇ ಮನೆಯಲ್ಲಿ ಮೂರು ಬಗೆಯ ಹೆಸರಿದ್ದರೂ ಯಾರಿಗೂ ಗೊಂದಲವಿಲ್ಲ. ಕೌಂಟರಿನ ಹಿಂದೆ ಕುಳಿತವರಿಗೆ ಅದು ನಾಲ್ಕು ಬೇರೆ ಬೇರೆ ಜನ. ಹೋಗುವ ಯೋಚನೆ ಇರುವವರು ನೌಕರಿಯ ಪತ್ರ ಕೈಗೆ ಬರುವ ಮೊದಲೇ ಇದನ್ನು ಸರಿಮಾಡಿಸಿಕೊಂಡರೆ ಅರ್ಧ ಕಷ್ಟ ಕಡಿಮೆ.

ಶಾಲೆಯದ್ದು ಇನ್ನೊಂದು ಲೆಕ್ಕ. ಮಹಾರಾಷ್ಟ್ರದ ರಾಜ್ಯ ಮಂಡಳಿಯ ಶಾಲೆಗಳ ವರ್ಷ ಜೂನ್‌ಗೆ ಶುರು. ದುಬೈಯ ಭಾರತೀಯ ಪಠ್ಯಕ್ರಮದ ಶಾಲೆಗಳದ್ದು ಏಪ್ರಿಲ್‌ಗೆ. ಎರಡನೇ ತರಗತಿಯ ವಾರ್ಷಿಕ ಪರೀಕ್ಷೆ ಮುಗಿಯುವ ಮೊದಲೇ ಮಗನ ಟಿಸಿಗೆ ಅರ್ಜಿ ಹಾಕಬೇಕಾಯಿತು. ಅಲ್ಲಿ ಶಾಲೆ ಎಂದರೆ ಖಾಸಗಿ ಶಾಲೆಯೇ, ಫೀಸಿನ ಅಂತರ ಆಕಾಶ ಭೂಮಿ. ಕೆಎಚ್‌ಡಿಎ ಎಂಬ ಸರಕಾರಿ ಪ್ರಾಧಿಕಾರ ಶಾಲೆಗಳನ್ನು ತಪಾಸಣೆ ಮಾಡಿ ದರ್ಜೆ ಕೊಟ್ಟ ವರದಿ ಎಲ್ಲರಿಗೂ ಸಿಗುತ್ತದೆ. ಕಂಪೆನಿ ಫೀಸು ಕೊಡುತ್ತದೆಯೇ, ಎಷ್ಟು ಮಕ್ಕಳಿಗೆ ಕೊಡುತ್ತದೆ ಎಂಬುದು ನೌಕರಿಯ ಪತ್ರದಲ್ಲಿ ಬರೆದಿದೆಯೋ ಎಂದು ನೋಡದೆ ಸಹಿ ಹಾಕಿದವರು ಮತ್ತೆ ಕೈ ಹಿಸುಕಿಕೊಂಡದ್ದುಂಟು. ಇವರಿಗೆ ಸಿಕ್ಕಿದ್ದು ಒಂದು ಮಗುವಿನ ಅರ್ಧ ಫೀಸು.

ಮನೆ ಬಾಡಿಗೆಯನ್ನು ಅಲ್ಲಿ ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಮುಂದಿನ ದಿನಾಂಕದ ನಾಲ್ಕೋ ಆರೋ ಚೆಕ್ಕುಗಳನ್ನು ಮೊದಲೇ ಕೊಡಬೇಕು. ಮೇಲಿಂದ ಠೇವಣಿ, ದಲ್ಲಾಳಿ, ಕರೆಂಟು-ನೀರಿನ ಸಂಪರ್ಕಕ್ಕೆ ಫ್ಲ್ಯಾಟಿಗಾದರೆ 2,000 ದಿರ್ಹಮ್ ಠೇವಣಿ. ಮೊದಲ ಸಂಬಳ ಬರುವ ಮೊದಲೇ ಊರಿನ ಉಳಿತಾಯ ಕರಗುವುದು ಹೀಗೆ. ಹೆಂಡತಿ ಬ್ಯಾಂಕಿನವರಾದ ಕಾರಣ ಇಲ್ಲಿನ ಲೆಕ್ಕ ಮಾತ್ರ ಸರಿಯಾಗಿಯೇ ಮುಗಿಸಿದರು: ಉಳಿತಾಯ ಖಾತೆಗಳನ್ನು ಎನ್‌ಆರ್‌ಒಗೆ ಬದಲಾಯಿಸಿದ್ದು, ಅನಿವಾಸಿಯಾದ ಮೇಲೆ ಹೊಸ ಪಿಪಿಎಫ್ ತೆರೆಯಲು ಬಾರದಿದ್ದರೂ ಹಳೆಯದನ್ನು ಅವಧಿ ಮುಗಿಯುವ ತನಕ ಮುಂದುವರಿಸಬಹುದು ಎಂದು ಗಂಡನಿಗೆ ತಿಳಿಹೇಳಿದ್ದು.

ಮಳೆ ಇಲ್ಲದ ಊರಿನಲ್ಲಿ ಮಳೆ

ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿಗೆ ಸೇರಿ ಮೂರನೇ ವಾರ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದದ್ದು 1949ರಲ್ಲಿ ಮಳೆಯ ದಾಖಲೆ ಇಡಲು ಆರಂಭಿಸಿದ ಬಳಿಕದ ಅತಿ ದೊಡ್ಡ ಮಳೆ. ರಸ್ತೆಗಳಲ್ಲಿ ಕಾರುಗಳು ತೇಲಿದವು, ವಿಮಾನ ನಿಲ್ದಾಣದಲ್ಲಿ ನೀರು ನಿಂತಿತು, ಮಕ್ಕಳಿಗೆ ಶಾಲೆ ಆನ್‌ಲೈನ್ ಆಯಿತು. ಗಂಡ ಆ ರಾತ್ರಿ ಬಂದರಿನಿಂದ ಮನೆಗೆ ಬರಲಾಗದೆ ಕಚೇರಿಯಲ್ಲೇ ಮಲಗಿದರು. 2005ರ ಜುಲೈ 26ನ್ನು ಕಂಡ ಡೊಂಬಿವಲಿಯ ಹೆಣ್ಣುಮಗಳು ಗಾಬರಿಯಾಗಲಿಲ್ಲ; ಬಕೆಟ್‌ಗಳಲ್ಲಿ ನೀರು ತುಂಬಿಸಿಟ್ಟು, ಮೊಂಬತ್ತಿ ಹುಡುಕಿದರು. “ಮಳೆಯೇ ಇಲ್ಲದ ಊರು ಅಂತ ಹೇಳಿ ಕೊಡೆ ಸಹ ಬಿಟ್ಟು ಹೋದಿರಲ್ಲ” ಎಂದು ಅತ್ತೆ ಫೋನಿನಲ್ಲಿ ನಕ್ಕರಂತೆ.

ಆ ಫೋನು ಸಹ ಸುಲಭದಲ್ಲಿ ಸಿಕ್ಕಿದ್ದಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳುಹಿಸಬಹುದು, ಕರೆ ಮಾತ್ರ ಯುಎಇಯಲ್ಲಿ ಹೋಗುವುದಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪನ್ನು ಅತ್ತೆಯ ಮೊಬೈಲಿಗೆ ಹಾಕಿ, ಹಸಿರು ಗುಂಡಿ ಒತ್ತಲು ಕಲಿಸಿದ್ದು ಕೆಳಗಿನ ಮನೆಯ ಮರಾಠಿ ಹುಡುಗ. ಕ್ಯಾಸೆಟ್ಟಿನ ಕಾಲದವರಿಗೆ ದಿನಾ ರಾತ್ರಿ ಮೊಮ್ಮಕ್ಕಳ ಮುಖ ಕಾಣುವುದು ಸಣ್ಣ ಸಂಗತಿಯಲ್ಲ. ಆದರೆ ಮೊಮ್ಮಗಳು ಎರಡು ನಿಮಿಷ ಕೂತು ಎದ್ದು ಓಡುತ್ತಾಳೆ, ಉಳಿದ ಇಪ್ಪತ್ತು ನಿಮಿಷ ಅತ್ತೆ-ಸೊಸೆ ಖಾಲಿ ಸೋಫಾ ತೋರಿಸಿಕೊಂಡು ಮಾತನಾಡುತ್ತಾರೆ.

ಮಗ ಬೇಗ ಹೊಂದಿಕೊಂಡ. ಮರಾಠಿ ಹೋಯಿತು, ಅರಬಿ ಬಂತು. ಅಲ್ಲಿನ ಖಾಸಗಿ ಶಾಲೆಗಳಲ್ಲಿ ಅರಬಿ ಕಡ್ಡಾಯ. ಡೊಂಬಿವಲಿಯಲ್ಲಿ ಚಿಣ್ಣರ ಬಿಂಬದ ತರಗತಿಗೆ ಹೋಗಿ ಕಾಗುಣಿತ ಕಲಿತಿದ್ದ ಹುಡುಗ ಈಗ ಬಲದಿಂದ ಎಡಕ್ಕೆ ಬರೆಯುತ್ತಾನೆ. ವಾರದ ಕೊನೆಗೆ ಕನ್ನಡ ಮಿತ್ರರು ಬಳಗ ನಡೆಸುವ ಕನ್ನಡ ಪಾಠಶಾಲೆ ದುಬೈಯಲ್ಲಿದೆ, ಯಕ್ಷಗಾನದ ಹೆಜ್ಜೆ ಕಲಿಸುವವರೂ ಇದ್ದಾರೆ. ಪಾಠಶಾಲೆಗೆ ಸೇರಿಸಿದ್ದಾರೆ. ಬೆಂಗಳೂರು, ಮೈಸೂರು ಕಡೆಯ ಮಕ್ಕಳ ನಡುವೆ ಇವನ ಕನ್ನಡಕ್ಕೆ ಮುಂಬಯಿ ವಾಸನೆ ಎಂದು ನಗುತ್ತಾರಂತೆ. ನಗಲಿ, ಬಾಯಿಯಾದರೂ ತೆರೆಯುತ್ತಾನಲ್ಲ ಎಂಬುದು ತಾಯಿಯ ಸಮಾಧಾನ.

ಹೊಂದಿಕೊಳ್ಳದೆ ಉಳಿದವರು ತಾಯಿಯೇ. ಗಂಡ ಬೆಳಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವುದು. ಹಗಲಿಡೀ ಮಾತನಾಡಲು ಮೂರು ವರ್ಷದ ಮಗಳೊಬ್ಬಳೇ. ಮೇ ತಿಂಗಳಿಂದ ಮುಂದೆ ಸಂಜೆ ಆರರ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಮೊದಲ ತಿಂಗಳ ಕೊನೆಯ ದಿನ ಅಭ್ಯಾಸಬಲದಿಂದ ಮೊಬೈಲು ನೋಡಿದರು, ಸಂಬಳ ಜಮಾ ಆದ ಮೆಸೇಜು ಇರಲಿಲ್ಲ. ಮಗನ ಟಿಫಿನ್ ಡಬ್ಬಿಯೊಂದನ್ನು ಆನ್‌ಲೈನಿನಲ್ಲಿ ತರಿಸಲು ಗಂಡನ ಕಾರ್ಡು, ಅದರ ಒಟಿಪಿ ಹೋಗುವುದು ಗಂಡನ ಫೋನಿಗೆ, ಗಂಡ ಮೀಟಿಂಗಿನಲ್ಲಿ. “ಜನರಿಗೆ ಲಕ್ಷಗಟ್ಟಲೆ ಸಾಲ ಮಂಜೂರು ಮಾಡಿದವಳು ನಾನು. ಒಂದು ಡಬ್ಬಿಗೆ ಅರ್ಧ ಗಂಟೆ ಕಾದೆ. ಇವರದ್ದೇನೂ ತಪ್ಪಿಲ್ಲ. ಆದರೂ ಆ ದಿನ ಅಳು ಬಂತು” ಎನ್ನುತ್ತಾರೆ.

ರಜೆಯ ಆರು ತಿಂಗಳು ಮುಗಿಯುತ್ತಾ ಬಂದಾಗ ಮನೆಯಲ್ಲಿ ಮತ್ತೊಮ್ಮೆ ಮಾತು. ಈ ಸಲ ಗಂಡ, “ನೀನು ಹೋಗುವುದಾದರೆ ಹೋಗು, ಮಕ್ಕಳನ್ನೂ ಕರಕೊಂಡು ಹೋಗು, ನಾನೇನೂ ಹೇಳುವುದಿಲ್ಲ” ಎಂದರಂತೆ. ಆ ಮಾತಿನಲ್ಲಿ ಎಷ್ಟು ಔದಾರ್ಯ, ಎಷ್ಟು ಜವಾಬ್ದಾರಿಯಿಂದ ಜಾರಿಕೊಳ್ಳುವುದು ಎಂದು ಅವರು ಈಗಲೂ ತೂಗಿ ನೋಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಇಮೇಲ್‌ನಲ್ಲಿ ಹೋಯಿತು. ಹನ್ನೊಂದು ವರ್ಷದ ಗ್ರಾಚ್ಯುಟಿ ಅವರ ಖಾತೆಗೆ ಬಂತು. ಅದನ್ನು ಈ ತನಕ ಮುಟ್ಟಿಲ್ಲ.

ಗಂಡನ ವೀಸಾದಲ್ಲಿರುವ ಹೆಂಡತಿ ಯುಎಇಯಲ್ಲಿ ಕೆಲಸ ಮಾಡಬಹುದು. ಕೆಲಸ ಕೊಡುವವರು ಪರವಾನಗಿ ಮಾಡಿಸಬೇಕು. 2018ರ ಜನವರಿಯಲ್ಲಿ ಶೇ. 5ರ ವ್ಯಾಟ್, 2023ರ ಜೂನ್‌ನಲ್ಲಿ ಕಾರ್ಪೊರೇಟ್ ತೆರಿಗೆ ಬಂದ ಮೇಲೆ ಅಲ್ಲಿ ಲೆಕ್ಕಪತ್ರ ಬಲ್ಲವರಿಗೆ ಕೆಲಸವಿದೆ. 2025ರ ಫೆಬ್ರವರಿಯಲ್ಲಿ ಬರ್ ದುಬೈಯ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಅವರಿಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಮೆಟ್ರೋದಲ್ಲಿ ಹೋಗಿ ಬರುತ್ತಾರೆ, ಅಲ್ಲಿಯೂ ಮಹಿಳೆಯರಿಗೆ ಬೇರೆ ಡಬ್ಬಿ ಇದೆ. ಸಂಬಳದ ಸಿಂಹಪಾಲು ಮಗಳ ನರ್ಸರಿಗೆ ಹೋಗುತ್ತದೆ. ಹಾಗಾದರೆ ಯಾಕೆ ದುಡಿಯುವುದು ಎಂದು ಕೇಳುವ ಸಂಬಂಧಿಕರಿಗೆ ಅವರು ಉತ್ತರ ಕೊಡುವುದನ್ನು ಬಿಟ್ಟಿದ್ದಾರೆ.

ಈ ಕುಟುಂಬಕ್ಕೆ ಮಗ ಒಂಬತ್ತನೇ ತರಗತಿ ತಲುಪುವ ಮೊದಲು ಇನ್ನೊಂದು ನಿರ್ಧಾರ ಕಾದಿದೆ. ಸಿಬಿಎಸ್‌ಇಯಲ್ಲಿ ಹತ್ತರ ಪರೀಕ್ಷೆಗೆ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ನಡುವೆ ಬದಲಾಯಿಸುವುದು ಕಷ್ಟ. ಮಹಾರಾಷ್ಟ್ರದ ರಾಜ್ಯ ಕೋಟಾದ ವೈದ್ಯಕೀಯ ಸೀಟಿಗೆ ಹತ್ತು ಮತ್ತು ಹನ್ನೆರಡನ್ನು ಇಲ್ಲಿಯೇ ಮುಗಿಸಿರಬೇಕೆಂಬ ನಿಯಮವೂ ಇದೆ. ಇನ್ನು ಗಂಡನ ನೌಕರಿ ಹೋದರೆ ನಾಲ್ವರ ವೀಸಾವೂ ಅದರೊಂದಿಗೆ ಹೋಗುತ್ತದೆ. 2020ರ ಮೇ ತಿಂಗಳ ವಂದೇ ಭಾರತ್ ವಿಮಾನಗಳಲ್ಲಿ ಮಕ್ಕಳನ್ನು ಎತ್ತಿಕೊಂಡು ಮರಳಿದವರನ್ನು ಇಲ್ಲಿನವರು ಮರೆತಿಲ್ಲ. ಈ ಕಾರಣಕ್ಕೇ ಡೊಂಬಿವಲಿಯ ಮನೆಯನ್ನು ಬಾಡಿಗೆಗೂ ಕೊಟ್ಟಿಲ್ಲ, ಮಾರಿಯೂ ಇಲ್ಲ. ಅತ್ತೆ ಅಲ್ಲಿಯೇ ಇದ್ದಾರೆ. ಕಲ್ಯಾಣದಲ್ಲಿರುವ ಮಗಳು ವಾರಕ್ಕೆರಡು ಸಲ ಬಂದು ನೋಡಿಹೋಗುತ್ತಾರೆ.

ಆಟಿಯಲ್ಲಿ ಊರು

ಮುಂಬಯಿ ಮಕ್ಕಳಿಗೆ ಊರು ಎಂದರೆ ಮೇ ತಿಂಗಳು. ಮಾವು, ಹಲಸು, ಗೇರುಹಣ್ಣು, ಮದುವೆಗಳು, ರಾತ್ರಿಯಿಡೀ ಯಕ್ಷಗಾನ, ನೇಮ. ಕೊಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟಿನಲ್ಲಿ. ಅಷ್ಟರಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ ಆಗಿರುತ್ತದೆ. ಭೂತದ ಕೋಲವಿಲ್ಲ, ಮಾವಿನ ಮರದಲ್ಲಿ ಬರೀ ಎಲೆ. 2025ರ ಜುಲೈಯಲ್ಲಿ ಅಜ್ಜಿಯೊಂದಿಗೆ ಊರಿಗೆ ಹೋದ ಮಕ್ಕಳು ಕಂಡದ್ದು ಆಟಿಯ ಮಳೆ, ಪಾಚಿ ಕಟ್ಟಿದ ಅಂಗಳ, ಪತ್ರೊಡೆ, ನಾಗರ ಪಂಚಮಿಯ ತನು. ನಾಲ್ಕು ವರ್ಷದ ಮೊಮ್ಮಗಳು ಕಪ್ಪೆಗಳ ಹಿಂದೆ ಬಿದ್ದು ಎರಡು ವಾರ ಮನೆಯೊಳಗೇ ಬರಲಿಲ್ಲ. ಮೊಮ್ಮಗ ಮಾತ್ರ ಮಾವಿನ ಹಣ್ಣು ಯಾಕಿಲ್ಲ ಎಂದು ಮತ್ತೆ ಮತ್ತೆ ಕೇಳಿದ. ಅವನ ನೆನಪಿನಲ್ಲಿರುವುದು ಮೇ ತಿಂಗಳ ಊರು, ತಂಗಿಗೆ ಉಳಿಯುವುದು ಜುಲೈಯದ್ದು.

ವಾಪಸು ಹೋಗುವಾಗ ಅಜ್ಜಿಯನ್ನೂ ಕರೆದರು. ತಂದೆ-ತಾಯಿಯನ್ನು ಖಾಯಂ ಕರೆಸಿಕೊಳ್ಳಲು ಹೆಚ್ಚಿನ ಸಂಬಳ ಬೇಕು, ಆದರೆ ಒಂದೆರಡು ತಿಂಗಳ ವಿಸಿಟ್ ವೀಸಾ ಸುಲಭ. ಅವರು ಒಪ್ಪಲಿಲ್ಲ. ಕಾರಣ ಹಲವು ಹೇಳಿದರು: ಕಾಲುನೋವು, ಬಿಸಿಲು, ಮನೆಗೆ ಬೀಗ ಹಾಕಬಾರದು. ನಿಜವಾದ ಕಾರಣ ಮಗಳ ಬಾಯಿಯಿಂದ ಬಂತು. ಯುಎಇಯಲ್ಲಿ ವೀಳ್ಯದೆಲೆ, ಪಾನ್ ಕೂಡ ನಿಷೇಧ. ಮದುವೆಯಾದಂದಿನಿಂದ ಊಟದ ಬಳಿಕ ಎಲೆಅಡಿಕೆ ಬಿಡದವರು ಅವರು.

ಸೊಸೆ ಬೋಟಿಮ್‌ನಲ್ಲಿ ಒಂದು ದಿನ, “ಮಾಮಿ, ಮಾವ ಏಳು ವರ್ಷ ಇದ್ದ ಮರುಭೂಮಿ ಹೇಗಿರುತ್ತದೆ ಅಂತ ಒಂದು ಸಲ ಆದರೂ ನೋಡುವುದಿಲ್ಲವಾ” ಎಂದು ಕೇಳಿದರಂತೆ. ಆಚೆಯಿಂದ ಉತ್ತರ ಬರಲಿಲ್ಲ. ಮರುವಾರ ಕಲ್ಯಾಣದ ಮಗಳು ತಾಯಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು.

2025ರ ಡಿಸೆಂಬರಿನಲ್ಲಿ ಅವರು ಹೊರಟರು. ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕಟ್ಟಿಟ್ಟುಕೊಂಡರು. ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿ ಐದು ಕಿಲೋ. ಹಿತ್ತಾಳೆಯ ಎಲೆಅಡಿಕೆ ಡಬ್ಬಿಯನ್ನು ಬೆಳಗ್ಗೆಯೇ ತೊಳೆದು ಒರೆಸಿ, ಎದುರು ಮನೆಯವರ ಕೈಯಲ್ಲಿ ಕೊಟ್ಟು, ಜನವರಿ 20ಕ್ಕೆ ಬಂದು ತೆಗೆದುಕೊಳ್ಳುತ್ತೇನೆ ಎಂದರು.